ಎರಡು ಗುಣಿತದ ತಪ್ಪು

ನೆಂಟರಿಗೆ ಹಾಸಿದ್ದ ಚಾಪೆಗಳನ್ನೆಲ್ಲ ಸುತ್ತಿ ಮೂಲೆಗೆ ಒರಗಿಸಿದ ಮರುದಿನ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ತೀರಿಹೋದವನ ಫೋನು. ಆರೂವರೆಗೆ ಸರಿಯಾಗಿ ಕಪಾಟಿನ ಮೇಲೆ ಗುರುಗುಟ್ಟುತ್ತ ಅದು ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿತು.

"ಅವನು ಹೋದ್ರೂ ಅವನ ಕೋಳಿ ಕೂಗೋದು ಬಿಡ್ಲಿಲ್ಲ ನೋಡು," ಅಂದರು ಅತ್ತೆ ಅಡುಗೆಮನೆಯಿಂದ. ಮಗನ ಅಲಾರಾಮಿಗೆ ಅವರು ಮೊದಲಿಂದಲೂ ಕೋಳಿ ಎಂದೇ ಹೆಸರಿಟ್ಟಿದ್ದರು. "ಅದರ ಬಾಯಿ ಮುಚ್ಚಿಸೇ."

"ಕೂಗ್ಲಿ ಬಿಡಿ ಅತ್ತೆ. ಎದ್ದೇ ಇದೀನಲ್ಲ."

ಅಂದಳೇ ಹೊರತು ಸೊಸೆ ಎದ್ದಿರಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ಅಷ್ಟೆ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಮುಟ್ಟಿದರೆ ಅದು ಬೇರೆ ಯಾರದೋ ತುಟಿ ಅನ್ನಿಸುವುದಿಲ್ಲವೇ? ನಾಲ್ಕು ದಿನದಿಂದ ಅವಳಿಗೆ ಕೈ, ಕಾಲು, ಮನೆ ಎಲ್ಲವೂ ಹಾಗೆಯೇ ಇದ್ದವು. ಬಂದವರು ಅತ್ತರು, ಅವಳು ಅವರಿಗೆ ನೀರು ಕೊಟ್ಟಳು. "ಗಟ್ಟಿಗಿತ್ತಿ," ಅಂದರು ಕೆಲವರು. "ಕಲ್ಲು," ಅಂದರು ಇನ್ನು ಕೆಲವರು, ಸ್ವಲ್ಪ ಮೆಲ್ಲಗೆ.

ಆರೂವರೆ ಎಂದರೆ ಇಂಟರ್ನೆಟ್ಟಿನ ಪುಡಿ ಕೆಲಸದ ಸೈಟಿನಲ್ಲಿ ಹೊಸ ಕೆಲಸ ಬೀಳುವ ಹೊತ್ತು. ಆರು ವರ್ಷದಿಂದ ಅವಳ ಗಂಡ ಮಾಡುತ್ತಿದ್ದದ್ದು ಅದನ್ನೇ. ಕಂಪ್ಯೂಟರಿಗೆ ಕಲಿಸಲೆಂದು ಫೋಟೋದಲ್ಲಿ ಸಿಗ್ನಲ್ ಕಂಬ ಎಲ್ಲಿದೆ ಎಂದು ಚೌಕ ಹಾಕುವುದು, ಯಾರದೋ ದನಿ ಕೇಳಿ ಇವನಿಗೆ ಸಿಟ್ಟು ಬಂದಿದೆ, ಇವಳಿಗೆ ಬೇಸರವಾಗಿದೆ ಎಂದು ಗುರುತಿಸುವುದು, ಒಂದೊಂದಕ್ಕೂ ಪುಡಿ ಸಂಬಳ. ಇದೂ ಒಂದು ಕೆಲಸವೆಂದು ಅತ್ತೆಯನ್ನು ಒಪ್ಪಿಸುವುದಕ್ಕೇ ಎರಡು ವರ್ಷ ಹಿಡಿದಿತ್ತು. "ಕೂತಲ್ಲೇ ಕೂತು ಪರದೆ ಕೆರೆಯೋದು ಉದ್ಯೋಗ ಆದ್ರೆ ನಮ್ಮನೆ ಬೆಕ್ಕೂ ಆಫೀಸರೇ," ಅನ್ನುತ್ತಿದ್ದರು. ಸೊಸೆಯದಾದರೂ ಹೇಳಿಕೊಳ್ಳುವಂಥ ಉದ್ಯೋಗವೇ? ಓದಿದ್ದು ತತ್ವಶಾಸ್ತ್ರದಲ್ಲಿ ಎಂ.ಎ., ಕೂರುತ್ತಿದ್ದದ್ದು ಔಷಧದ ಅಂಗಡಿಯ ಬಿಲ್ಲಿನ ಮೇಜಿಗೆ. ಅಂಗಡಿಯವರು ಸೋಮವಾರ ಬಂದರೆ ಸಾಕು ಅಂದಿದ್ದರು.

ಅಲಾರಾಮು ನಿಲ್ಲಿಸಲು ಫೋನು ಕೈಗೆತ್ತಿಕೊಂಡಳು. ಅದರ ಗುಟ್ಟಿನ ಅಂಕೆ ಅವಳಿಗೆ ಗೊತ್ತಿತ್ತು. ತೆರೆದೊಡನೆ 'ಚಿಲ್ಲರೆ ಅಂಗಡಿ' ಕಂಡಿತು. ಅದು ಇಂಥ ಪುಡಿ ಕೆಲಸ ಮಾಡುವ ಅರವತ್ತು ಚಿಲ್ಲರೆ ಮಂದಿ ಎರಡು ವರ್ಷದ ಹಿಂದೆ ಕಟ್ಟಿಕೊಂಡ ಗುಂಪು. ಹೆಚ್ಚಿನವರು ಒಬ್ಬರನ್ನೊಬ್ಬರು ನೋಡಿದವರಲ್ಲ, ಕಸುಬು ಅಥವಾ ಅಡ್ಡಹೆಸರೇ ಗುರುತು: ಟೈಲರ್, ಡ್ರೈವರ್, ಟೀಚರ್. ಅವಳ ಗಂಡ ಅಲ್ಲೂ ಸೈಟಿನಲ್ಲೂ 'ಜರಡಿ'. ಯಾವ ಕೆಲಸ ಒಳ್ಳೆಯದು, ಯಾವುದು ಮೋಸ, ಯಾವುದು ಸೈಟಿನ ನಿಯಮಕ್ಕೆ ವಿರುದ್ಧ ಎಂದು ಬೆಳಿಗ್ಗೆಯೇ ಜರಡಿ ಹಿಡಿದು ಹೇಳುತ್ತಿದ್ದವನು ಅವನೇ.

ಹೇಳುವುದಕ್ಕೂ ಅವನದೇ ಒಂದು ರೀತಿ. ಒಳ್ಳೆಯ ಕೆಲಸವಾದರೆ ಅದರ ಲಿಂಕ್ ಹಾಕಿ ಕೆಳಗೆ 'ಮಾಡಿ' ಎಂದು ಬರೆಯುವನು. ನಿಯಮ ಮುರಿಯುವ ಕೆಲಸವಾದರೆ, ಎಂದರೆ ಸುಳ್ಳು ಹೊಗಳಿಕೆ ಬರೆಸುವಂಥದು, ಇನ್ನೊಬ್ಬರ ಫೋನ್ ನಂಬರು ಕೇಳುವಂಥದು ಕಂಡರೆ, ಮೊದಲು ಸೈಟಿಗೆ ದೂರು ಕೊಟ್ಟು, ಆಮೇಲೆ ಅದರ ಲಿಂಕನ್ನೂ ಗುಂಪಿಗೆ ಹಾಕಿ ಕೆಳಗೆ ಒಂದೇ ಪದ ಬರೆಯುವನು: ಮಾಡಬೇಡಿ. ದೂರು ಕೊಟ್ಟ ಕೆಲಸ ಸೈಟಿನಿಂದ ಹೋಗಲು ಒಂದು ದಿನವಾದರೂ ಬೇಕು. ಅಷ್ಟರಲ್ಲಿ ಯಾರೂ ಬೀಳಬಾರದು ಎಂದು ಅವನ ಕಾಳಜಿ.

ಅವಳಿಗೆ ಇದು ಅಷ್ಟು ಸರಿಯೆನಿಸಿರಲಿಲ್ಲ. "ಬೇಡ ಅನ್ನೋದಾದ್ರೆ ಲಿಂಕ್ ಯಾಕ್ರೀ ಹಾಕ್ತೀರಿ? ಗುಂಡಿ ಇದೆ ಹುಷಾರು ಅಂತ ಹೇಳೋಕೆ ಎಲ್ಲರನ್ನೂ ಗುಂಡಿ ಪಕ್ಕಕ್ಕೇ ಕರ್ಕೊಂಡ್ ಹೋದ ಹಾಗಾಯ್ತಲ್ಲ."

"ಎಲ್ಲಿದೆ ಅಂತ ಹೇಳ್ದೆ ಬರೀ ಹುಷಾರು ಅಂದ್ರೆ ಯಾವನು ಹುಷಾರಾಗ್ತಾನೆ ಕಣೇ? ನಿನ್ನ ಶಾಸ್ತ್ರದಲ್ಲಿ ಗುಂಡಿ ಬಗ್ಗೆ ಅಧ್ಯಾಯ ಇಲ್ವಾ?"

"ಇದೆ. ಬಿದ್ದೋರು ಬರೆದಿದ್ದು."

ಅವನು ಆವತ್ತು ಬಾಯ್ತುಂಬ ನಕ್ಕಿದ್ದ. ನಕ್ಕು, ಲಿಂಕ್ ಹಾಕಿ, 'ಮಾಡಬೇಡಿ' ಎಂದು ಬರೆದಿದ್ದ.

ಈಗ ಗುಂಪಿನಲ್ಲಿ ಮುನ್ನೂರು ಚಿಲ್ಲರೆ ಮಾತು ಓದದೆ ಬಿದ್ದಿದ್ದವು. ಮೊದಮೊದಲು ಕೈಮುಗಿದ ಚಿತ್ರಗಳು, ಹೂಗಳು. ಆಮೇಲೆ ನಿಧಾನಕ್ಕೆ ಜಗಳ. ಜಗಳದ ಬೇರು ಹುಡುಕುತ್ತ ಅವಳು ಬೆರಳಿನಿಂದ ಮೇಲೆ ಮೇಲೆ ಹೋದಳು. ಶುಕ್ರವಾರ ಮಧ್ಯಾಹ್ನದಲ್ಲಿ ಬೆರಳು ನಿಂತಿತು. ಆಸ್ಪತ್ರೆಗೆ ಸೇರಿಸಿದ ದಿನ ಅದು. ಜರಡಿಯ ಕಡೆಯ ಮಾತು ಅಲ್ಲಿತ್ತು. ಒಂದು ಲಿಂಕ್. ಅದರ ಕೆಳಗೆ: ಮಾಡಿಬಿಡಿ.

ಅವಳು ಅದನ್ನು ಮೂರು ಸಲ ಓದಿದಳು.

ಮನೆಯಲ್ಲಿ ರಕ್ತದೊತ್ತಡ ನೋಡಿಕೊಳ್ಳುವ ಒಂದು ಯಂತ್ರವನ್ನು ಆರು ತಿಂಗಳು ಬಳಸಿದವರಂತೆ ಹತ್ತು ಸಾಲು ಹೊಗಳಿ ಬರೆಯಬೇಕು, ಇದು ಆ ಕೆಲಸ. ಯಂತ್ರ ಯಾರಿಗೂ ಕೊಡುವುದಿಲ್ಲ, ತೋರಿಸುವುದೂ ಇಲ್ಲ. ಬಳಸದ್ದನ್ನು ಬಳಸಿದೆ ಎನ್ನಬಾರದು ಎಂಬುದು ಸೈಟಿನ ಮೊದಲ ನಿಯಮ. ಆದರೆ ಜರಡಿಯೇ ಮಾಡಿಬಿಡಿ ಅಂದ ಮೇಲೆ ಕೇಳುವುದೇನಿದೆ? ಹನ್ನೊಂದು ಜನ ಮಾಡಿಬಿಟ್ಟರು. ಭಾನುವಾರ, ಅವನ ಉಸಿರು ನಿಂತ ದಿನವೇ, ಸೈಟಿನಲ್ಲಿ ಅವರ ಹನ್ನೊಂದು ಐಡಿಗಳಿಗೂ ಬೀಗ ಬಿತ್ತು, ಎಂದರೆ ಕೆಲಸ ಬಂದ್. ಪ್ರತಿಯೊಬ್ಬರೂ ಒಂದೇ ಒಂದು ಸಲ ವಿವರಣೆ ಕೊಡಬಹುದು, ಇವತ್ತು ಸಂಜೆ ಐದಕ್ಕೆ ಕಡೆ. ಆ ಅರ್ಜಿಯಲ್ಲಿ ಒಂದು ಪ್ರಶ್ನೆ: ಈ ಕೆಲಸವನ್ನು ನಿಮಗೆ ತೋರಿಸಿದವರು ಯಾರು? ಹೆಸರು ಹೇಳಿದವರಿಗೆ ರಿಯಾಯಿತಿ, ಹೇಳಿಸಿಕೊಂಡವನು ಶಾಶ್ವತವಾಗಿ ಹೊರಗೆ.

ಟೈಲರ್ ಬರೆದಿದ್ದ: "ಮಣ್ಣು ಇನ್ನೂ ಆರಿಲ್ಲ. ಅವರ ಹೆಸರು ಬರೆದು ನಾವು ಬದುಕೋದು ಬೇಡ. ಖಾಲಿ ಬಿಡೋಣ."

ಇನ್ಯಾರೋ ಅಂದಿದ್ದರು: "ಸತ್ತೋರಿಗೆ ಐಡಿ ಇದ್ರೆಷ್ಟು ಹೋದ್ರೆಷ್ಟು? ಬದುಕಿರೋರ ಪಾಡು ನೋಡ್ರಪ್ಪ."

ಮತ್ತೊಬ್ಬ: "ಜರಡೀಲಿ ತೂತು ಇರುತ್ತೆ ಅಂತ ಮೊದಲೇ ಗೊತ್ತಿರ್ಬೇಕಿತ್ತು. ಆ ಯಂತ್ರದೋರು ಎಷ್ಟು ಕೊಟ್ರೋ ಅವರಿಗೆ."

ಅದಕ್ಕೆ ಡ್ರೈವರ್: "ಬಾಯಿಗೆ ಬಂದಿದ್ದು ಮಾತಾಡ್ಬೇಡ. ನಿಜ ಹೇಳ್ಲಾ? ಅಣ್ಣ ಬೇಡ ಅಂದಿದ್ದನ್ನೇ ನಾನು ದಿನಾ ಮೊದಲು ಮಾಡ್ತಿದ್ದಿದ್ದು. ಕಾಸು ಜಾಸ್ತಿ ಇರೋದು ಅದರಲ್ಲೇ. ಸಿಕ್ಕಾಕೊಂಡಿದ್ದು ಇದೇ ಮೊದಲು."

ಅದರ ಕೆಳಗೆ ಆರು ಜನ ನಗುವ ಮುಖ ಒತ್ತಿದ್ದರು. ಎಂದರೆ ಅವರೂ ಹಾಗೇ ಮಾಡುತ್ತಿದ್ದವರು. ಎರಡು ವರ್ಷ ಅವನು ಗುಂಡಿ ತೋರಿಸಿದ್ದ. ಇವರು ಅದನ್ನು ಬಾವಿಯೆಂದುಕೊಂಡು ಬಿಂದಿಗೆ ಇಳಿಸಿದ್ದರು.

ಅವಳು ಮಾತುಗಳ ತಳಕ್ಕೆ ಬಂದಳು. ಬರೆಯುವ ಜಾಗದಲ್ಲಿ, ಕಳಿಸದೆ ಉಳಿದ ಅರ್ಧ ಸಾಲೊಂದು ಕೂತಿತ್ತು.

ತಪ್ಪಾಗಿದೆ, ಮಾಡಬೇ

ಅಷ್ಟೇ. ಅವಳ ಬೆನ್ನಿನಲ್ಲಿ ಏನೋ ತಣ್ಣಗೆ ಹರಿಯಿತು. ನಾಲ್ಕು ದಿನಗಳಲ್ಲಿ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಶುಕ್ರವಾರ ಅವನ ಬಲಗೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದ್ದರು. ಎಡಗೈಯ ಹೆಬ್ಬೆರಳಿನಲ್ಲಿ ಅವನು ಒತ್ತುತ್ತಿದ್ದ. ಎರಡಕ್ಷರ ಒತ್ತುವುದರೊಳಗೆ ಪೂರ್ತಿ ಪದ ತಾನೇ ಊಹಿಸಿ ಮುಂದಿಡುವ ಫೋನು ಅದು. ಮಾಡಬೇಡಿಗೂ ಮಾಡಿಬಿಡಿಗೂ ನಾಲ್ಕು ನಾಲ್ಕೇ ಅಕ್ಷರ, ಎರಡು ಗುಣಿತದ ವ್ಯತ್ಯಾಸ. ಬೆರಳು ಜಾರಿತ್ತು. ನೋಡಿಕೊಂಡು ತಿದ್ದಲು ಹೊರಟಿದ್ದ. ಅಷ್ಟರಲ್ಲಿ ಅವಳು ಕೈಚಾಚಿ ಫೋನು ಕಿತ್ತುಕೊಂಡಿದ್ದಳು. "ಡಾಕ್ಟರು ಏನಂದ್ರು? ಸಾಕು ಇಡಿ."

"ಒಂದಕ್ಷರ ಕಣೇ, ತಡಿ."

"ಅಕ್ಷರ ಎಲ್ಲಿಗೂ ಓಡಿಹೋಗಲ್ಲ," ಅಂದಿದ್ದಳು.

ನಿಜ, ಅಕ್ಷರ ಓಡಿಹೋಗಲಿಲ್ಲ. ಇಲ್ಲೇ ಇತ್ತು.

ಅತ್ತೆ ಎರಡು ಲೋಟ ಚಹಾ ಹಿಡಿದು ಬಂದರು. ಮೂರನೆಯದನ್ನು ಅಭ್ಯಾಸಬಲದಿಂದ ತೊಳೆದಿಟ್ಟು ಅಲ್ಲೇ ಬಿಟ್ಟು ಬಂದಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಸೊಸೆಯ ಮುಖ ನೋಡಿ, "ಏನೇ?" ಅಂದರು. ಅವಳು ಹೇಳಿದಳು, ಪೂರ್ತಿಯಾಗಿ. ಅತ್ತೆ ಓದಿದವರಲ್ಲ, ಆದರೆ ಯಾವುದನ್ನೂ ಎರಡು ಸಲ ಕೇಳುವವರೂ ಅಲ್ಲ.

"ಈಗೇನು, ನನ್ನ ಮಗನ ಹೆಸರು ಬರೀರಿ ಅಂತ ನೀನೇ ಹೇಳ್ತೀಯಾ?"

"ಹೇಳೋಣ ಅಂತಿದೀನಿ ಅತ್ತೆ. ಟೀಚರಮ್ಮನ ಐಡಿಗೂ ಬೀಗ ಬಿದ್ದಿದೆ. ಹಾಸಿಗೆ ಹಿಡಿದ ಅಕ್ಕನ್ನ ನೋಡ್ಕೊಳ್ಳೋಕೆ ಅವರಿಗೆ ಬೇರೆ ದಾರಿ ಇಲ್ಲ."

"ಅವನು ಕೆಟ್ಟೋನು ಅಂತ ಬರೆಸಿಬಿಡ್ತೀಯಲ್ಲೇ."

"ಕೆಟ್ಟೋನು ಅಂತ ಅಲ್ಲ. ತಪ್ಪು ಮಾಡಿದ್ರು ಅಂತ."

"ಎರಡೂ ಒಂದೇ ಅಲ್ವಾ?"

"ಅಲ್ಲ."

ಅತ್ತೆ ಚಹಾ ಕುಡಿದು ಮುಗಿಸಿದರು. ಕಿಟಕಿಯ ಹಿಡಿಗೆ ತೂಗುಹಾಕಿದ್ದ ಹೆಡ್‌ಫೋನನ್ನು ನೋಡುತ್ತಿದ್ದರು. ಅವನ ಸ್ವಂತ ಹೆಡ್‌ಫೋನಿನ ಒಂದು ಕಿವಿ ಕೆಟ್ಟು, ತಿಂಗಳ ಹಿಂದೆ ಟೀಚರಿಂದ ಎರವಲು ತಂದದ್ದು ಅದು. ಅದರ ಪಟ್ಟಿಯ ಮೇಲೆ ಬಿಳಿ ಟೇಪು ಅಂಟಿಸಿ ಗುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಹಿಂದಿರುಗಿಸಬೇಕು'.

"ಅದನ್ನೂ ತಗೊಂಡ್ಹೋಗು," ಅಂದರು ಕೊನೆಗೆ. "ಎರವಲು ವಸ್ತು ಇಟ್ಕೊಂಡು ಹೋದ ಅನ್ನಿಸ್ಕೊಳ್ಳೋದು ಬೇಡ. ಮತ್ತೆ... ತಲೆ ಬಾಚ್ಕೊಂಡು ಹೋಗು. ನಾಲ್ಕು ದಿನ ಆಯ್ತು, ಹಕ್ಕಿ ಗೂಡು ಕಟ್ಟೋ ಹಾಗಿದೆ."

ಟೀಚರ ಮನೆ ಎರಡು ಬಸ್ ಸ್ಟಾಪ್ ಆಚೆ. ಅವಳು ನಡೆದೇ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಮೆಟ್ಟಿಲಿನುದ್ದಕ್ಕೂ ರಬ್ಬರಿನ ವಾಸನೆ. ಬಾಗಿಲು ತೆರೆದ ಹೆಂಗಸಿಗೆ ಅರವತ್ತರ ಮೇಲಾಗಿತ್ತು. ಕೂದಲು ಚೊಕ್ಕವಾಗಿ ಕಟ್ಟಿತ್ತು, ಕಿವಿಯ ಹಿಂದೆ ಕೆಂಪು ಪೆನ್ನು ಸಿಕ್ಕಿಸಿತ್ತು. ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಅಯ್ಯೋ, ನೀನ್ಯಾಕಮ್ಮ ಬಂದೆ! ನಾನೇ ಬರ್ಬೇಕಿತ್ತು. ಅಕ್ಕನ್ನ ಒಬ್ಬಳನ್ನೇ ಬಿಟ್ಟು..." ಎಂದು ಕೈಹಿಡಿದು ಒಳಗೆ ಕರೆದರು.

ಒಳಕೋಣೆಯಿಂದ, ಹಾಸಿಗೆ ಹಿಡಿದ ಅಕ್ಕನ ದನಿ: "ಯಾರೇ ಅದು?"

"ಜರಡಿಯವರ ಮನೆಯಿಂದ ಅಕ್ಕಾ!"

"ಜರಡಿ ಇದೆ, ಬೇಡ ಅಂತ ಹೇಳಿ ಕಳಿಸು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬಾರದು ಎಂದು ಟೀಚರ್ ತುಟಿ ಕಚ್ಚಿಕೊಂಡರು. ನಕ್ಕವಳು ಅವಳೇ. ನಗು ಗಂಟಲಿನಿಂದ ಒರಟಾಗಿ ಬಂತು, ಬಹಳ ದಿನ ಮುಚ್ಚಿದ್ದ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬರುವ ಹಾಗೆ.

ಮೇಜಿನ ಮೇಲೆ ಹಳೆಯ ಕಂಪ್ಯೂಟರು, ಪರದೆಯ ತುಂಬ ಆ ಅರ್ಜಿ. ಬೇರೆಲ್ಲ ತುಂಬಿತ್ತು, 'ತೋರಿಸಿದವರು ಯಾರು' ಎಂಬಲ್ಲಿ ಮಾತ್ರ ಖಾಲಿ. ಅವಳು ಸುತ್ತಿ ಬಳಸದೆ ಹೇಳಿದಳು: "ಅವರ ಹೆಸರು ಬರೀರಿ ಟೀಚರ್. ಅತ್ತೆಗೂ ಹೇಳಿ ಬಂದಿದೀನಿ. ಬೇಕಂತ ಹಾಕಿದ್ದಲ್ಲ ಅದು, ಕೈತಪ್ಪು. ನೋಡಿ." ಫೋನು ತೆರೆದು ಆ ಅರ್ಧ ಸಾಲನ್ನು ತೋರಿಸಿದಳು. ಆಸ್ಪತ್ರೆಯ ಸಂಗತಿಯನ್ನೂ ಹೇಳಿದಳು. "ತಿದ್ದೋಕೆ ಹೊರಟಿದ್ರು. ಫೋನ್ ಕಿತ್ಕೊಂಡೋಳು ನಾನು."

ಟೀಚರ್ ಕನ್ನಡಕ ಹಾಕಿಕೊಂಡು ಆ ಸಾಲನ್ನು ನೋಡಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

"ನಂಗೆ ಗೊತ್ತಿತ್ತಮ್ಮ," ಅಂದರು.

"ಏನು?"

"ಕೈತಪ್ಪು ಅಂತ. ಮೂವತ್ತೊಂದು ವರ್ಷ ಮಕ್ಕಳ ಕಾಗುಣಿತ ತಿದ್ದಿದೋಳು ನಾನು. ನಿನ್ನ ಯಜಮಾನ್ರು ಮಾಡೋದಾದ್ರೆ 'ಮಾಡಿ' ಅಂತಿದ್ರು. 'ಮಾಡಿಬಿಡಿ' ಅನ್ನೋ ಮಾತು ಒಂದು ದಿನಾನೂ ಅವರ ಬಾಯಲ್ಲಿ ಬಂದಿಲ್ಲ. ನೋಡಿದ ತಕ್ಷಣ ಗೊತ್ತಾಯ್ತು, ಗುಣಿತ ತಪ್ಪಿದೆ ಅಂತ. ಬೇರೆ ದಿನ ಆಗಿದ್ರೆ 'ಏನ್ರೀ ಜರಡಿ, ಇಂಪೊಸಿಷನ್ ಬರೀತೀರಾ?' ಅಂತ ಕಾಲು ಎಳೀತಿದ್ದೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಎಳೀಲಿಲ್ಲ. ಬರೆದಿರೋದನ್ನ ಬರೆದ ಹಾಗೇ ಓದ್ಕೊಂಡೆ. ನಾನು ತಿದ್ದದೆ ಬಿಟ್ಟ ಮೊದಲ ತಪ್ಪು ಅದು."

ಅವಳು ಫೋನಿನ ಪರದೆ ಆರಿಸಿದಳು.

"ಕೇಳಿ ಬರೆಯೋ ಕೆಲಸ ನಿಂತಿತ್ತು, ಹೆಡ್‌ಫೋನ್ ಇರ್ಲಿಲ್ಲ." ಹೇಳಿದವರೇ ತಲೆಯಲ್ಲಾಡಿಸಿದರು. "ಅದು ನೆಪ. ಕೇಳಿದ್ರೆ ಅವತ್ತೇ ತಂದ್ಕೊಡ್ತಿದ್ರು. ಏನು ಬರೆದೆ ಗೊತ್ತಾ? 'ಹಾಸಿಗೆ ಹಿಡಿದ ನನ್ನ ಅಕ್ಕನಿಗೆ ಈ ಯಂತ್ರ ಎರಡನೇ ಜೀವ ಕೊಟ್ಟಿತು.' ಚೆನ್ನಾಗಿ ಬರೆದೆ. ಅದೇ ತೊಂದರೆ. ಯಾರೋ ಓದ್ತಾರೆ, ನಂಬ್ತಾರೆ, ಅದು ತೋರಿಸೋ ಅಂಕಿ ನೋಡ್ಕೊಂಡು ಡಾಕ್ಟರ ಹತ್ರ ಹೋಗದೆ ಮನೇಲೇ ಕೂತ್ಕೋತಾರೆ."

ಶುಕ್ರವಾರಕ್ಕೆ ಮುಂಚಿನ ಎರಡು ದಿನ ಅವಳ ಗಂಡನೂ 'ಗ್ಯಾಸು ಕಣೇ, ಹೋಗುತ್ತೆ' ಎಂದು ಮನೆಯಲ್ಲೇ ಕೂತಿದ್ದ. ಆದರೆ ಅದನ್ನು ಅವಳು ಹೇಳಲಿಲ್ಲ.

"ಅದಕ್ಕೇ ಆ ಜಾಗ ಖಾಲಿ ಬಿಟ್ಟಿದೀನಿ," ಅಂದರು ಟೀಚರ್. "ಗೊತ್ತಿದ್ದೂ ಮಾಡಿದ ತಪ್ಪಿಗೆ ಅವರ ಹೆಸರು ಹೇಳಿ ಉಳ್ಕೊಂಡ್ರೆ ನನ್ನಂಥ ಕಳ್ಳಿ ಇಲ್ಲ."

"ಖಾಲಿ ಬಿಟ್ರೂ ಸುಳ್ಳೇ ಅಲ್ವಾ ಟೀಚರ್?" ಅಂದಳು ಅವಳು. "ಲಿಂಕ್ ಹಾಕಿದ್ದಂತೂ ಅವರೇ. ಕೈ ಜಾರದೆ ಹೋಗಿದ್ರೂ ಹಾಕ್ತಿದ್ರು. ಬೇಡ ಅಂತ ಹಾಕಿದ್ದನ್ನೇ ಹುಡುಕಿ ಮಾಡೋರು ಇದ್ದಾರೆ ಅಂತ ಇವತ್ತು ಓದಿದೆ. ನಾನು ಹೇಳಿದ್ದೆ. ನಕ್ಕರು." ಗಂಡನನ್ನು ದೂರಿದ್ದು ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ನಾಲ್ಕು ದಿನದಿಂದ ಎಲ್ಲರೂ ಅವನನ್ನು ಹೊಗಳಿದ್ದರು. ಹೊಗಳಿಕೆಯಲ್ಲಿ ಅವನು ಸ್ವಲ್ಪ ಸ್ವಲ್ಪವೇ ಅಳಿಸಿಹೋಗುತ್ತಿದ್ದ. ಈ ಒಂದು ದೂರಿನಲ್ಲಿ ಪಕ್ಕದಲ್ಲಿ ಬಂದು ಕೂತ ಹಾಗಾಯಿತು. "ಅವರದ್ದು ಎಷ್ಟೋ ಅಷ್ಟು ಬರೀರಿ. ನಿಮ್ಮದು ಎಷ್ಟೋ ಅಷ್ಟು."

ಟೀಚರ್ ಕಿವಿಯ ಹಿಂದಿನ ಕೆಂಪು ಪೆನ್ನು ತೆಗೆದರು. ಅರ್ಜಿಯಲ್ಲಿ ಮುನ್ನೂರು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲು ಕಾಗದದ ಮೇಲೆ ಬರೆದು, ಹೊಡೆದು, ಮತ್ತೆ ಬರೆದರು.

'ಲಿಂಕ್ ಹಾಕಿದವರು ಜರಡಿ. ಮಾಡಬೇಡಿ ಎಂದು ಬರೆಯಲು ಹೋಗಿ ಮಾಡಿಬಿಡಿ ಎಂದಾಗಿತ್ತು. ಅದು ಕೈತಪ್ಪೆಂದು ನನಗೆ ಓದಿದೊಡನೆ ತಿಳಿಯಿತು. ತಿಳಿದೂ ಮಾಡಿದೆ. ನಾನು ಆ ಯಂತ್ರವನ್ನು ಕಂಡೇ ಇಲ್ಲ. ಬೀಗ ತೆಗೆಯದಿದ್ದರೂ ಸರಿ, ನಾನು ಬರೆದದ್ದನ್ನು ತೆಗೆದುಹಾಕಿ.'

ಅವಳು ಪೆನ್ನು ಈಸಿಕೊಂಡು ಕೆಳಗೆ ಸೇರಿಸಿದಳು: 'ಅವರು ತಿದ್ದುವಾಗ ಫೋನು ಕಿತ್ತುಕೊಂಡವಳು ಹೆಂಡತಿ.'

ಟೀಚರ್ ಅದನ್ನು ಓದಿ, ಪೆನ್ನು ವಾಪಸ್ ತೆಗೆದುಕೊಂಡು, ಆ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದರು. "ಕೇಳದ ಪ್ರಶ್ನೆಗೆ ಉತ್ತರ ಬರೆದ್ರೆ ನಾನು ಮಾರ್ಕ್ಸ್ ಕೊಡಲ್ಲ," ಅಂದರು.

ಅವಳು ತಲೆ ತಗ್ಗಿಸಿದಳು. ಕಾಗದದ ಮೇಲೆ ಒಂದು ಹನಿ ಬಿದ್ದು ಕೆಂಪು ಗೆರೆ ಸ್ವಲ್ಪ ಹರಡಿತು. ಟೀಚರ್ ಅದನ್ನು ನೋಡಿಯೂ ನೋಡದವರಂತೆ ಕಂಪ್ಯೂಟರಿನ ಕಡೆ ತಿರುಗಿ, ಎರಡೇ ಬೆರಳಿನಲ್ಲಿ, ಒಂದೊಂದೇ ಗುಣಿತ ನೋಡಿಕೊಂಡು ಒತ್ತತೊಡಗಿದರು.

ಉಳಿದ ಹತ್ತು ಜನಕ್ಕೂ ತಿಳಿಯಬೇಕಲ್ಲ. ಗುಂಪಿನಲ್ಲಿ ಅವಳು ಇಲ್ಲ, ಅವಳ ಫೋನಿನಿಂದ ಬರೆಯಲಾಗದು, ಟೀಚರ ಕೈಲಿ ಬರೆಸುವ ಮಾತೂ ಇದಲ್ಲ. ಅವನ ಫೋನಿನಿಂದಲೇ ಬರೆಯಬೇಕು. ಆದರೆ ಬರೆಯುವ ಜಾಗ ಇರುವುದು ಒಂದೇ, ಅಲ್ಲಿ ಅವನ ಅರ್ಧ ಸಾಲು ಕೂತಿದೆ. ಅದನ್ನು ಪೂರ್ತಿ ಮಾಡಿ ಕಳಿಸಬಹುದಿತ್ತು. ಇನ್ನೊಂದೇ ಅಕ್ಷರ, ಡಿ. ಬೆರಳು ಅಲ್ಲಿಯವರೆಗೆ ಹೋಯಿತು ಕೂಡ. ಸತ್ತವನ ಬಾಯಲ್ಲಿ ಮಾತು ಇಡುವುದೂ ಬಳಸದ ಯಂತ್ರವನ್ನು ಹೊಗಳುವುದೂ ಬೇರೆ ಬೇರೆಯೇ? ಅವಳು ಅಳಿಸುವ ಗುಂಡಿ ಒತ್ತಿದಳು. ಬೇ ಹೋಯಿತು. ಡ ಹೋಯಿತು. ಮಾ ಹೋಯಿತು. 'ತಪ್ಪಾಗಿದೆ' ಎಂಬುದು ಸ್ವಲ್ಪ ಹೊತ್ತು ಉಳಿದಿತ್ತು. ಆಮೇಲೆ ಅದೂ.

ಬರೆದಳು: 'ನಾನು ಜರಡಿಯವರ ಹೆಂಡತಿ. ಶುಕ್ರವಾರದ್ದು ಕೈತಪ್ಪು, ಬರೆಯಹೊರಟಿದ್ದು ಮಾಡಬೇಡಿ ಎಂದು. ಆದರೆ ಲಿಂಕ್ ಹಾಕಿದವರು ಅವರೇ. ಐದು ಗಂಟೆಯೊಳಗೆ ಅವರ ಹೆಸರು ಬರೆಯಿರಿ. ಗೊತ್ತಿದ್ದೂ ಮಾಡಿದವರು ಅದನ್ನೂ ಬರೆಯಿರಿ.'

ಕಳಿಸಿದ ಮೇಲೆ ಮೊದಲು ಟೈಲರ್ ಕೈಮುಗಿದ ಚಿತ್ರ ಹಾಕಿದ. ಡ್ರೈವರ್ ಕೇಳಿದ: "ಸರಿ ಅಕ್ಕ. ಆದ್ರೆ ಇನ್ಮೇಲೆ ನಮಗೆ ಬೇಡ ಅನ್ನೋರು ಯಾರು?"

ಅವಳು ಫೋನು ಬ್ಯಾಗಿಗೆ ಹಾಕಿದಳು.

"ಕಳಿಸ್ದೆ," ಅಂದರು ಟೀಚರ್. "ಬೀಗ ತೆಗೀತಾರೋ ಇಲ್ವೋ, ಅವರಿಗೆ ಬಿಟ್ಟಿದ್ದು." ಒಳಗಿನಿಂದ ಅಕ್ಕ ಕೂಗಿದರು: "ಜರಡಿಯವಳು ಇನ್ನೂ ಹೋಗಿಲ್ವಾ? ಪಾಪ, ಒಂದು ಲೋಟ ನೀರಾದ್ರೂ ಕೊಡು!"

ಟೀಚರ್ ನೀರು ತರಲು ಎದ್ದರು. ಅವಳು ಬ್ಯಾಗಿನಿಂದ ಹೆಡ್‌ಫೋನ್ ತೆಗೆದಳು. ಅವನದು ದೊಡ್ಡ ತಲೆ. ಪಟ್ಟಿಯನ್ನು ಎರಡೂ ಕಡೆ ಕೊನೆಯ ಹಲ್ಲಿನವರೆಗೆ ಎಳೆದು ಹಿಗ್ಗಿಸಿಕೊಂಡಿದ್ದ. ಅವಳು ಎಡಗಡೆಯದನ್ನು ಒಳಗೆ ತಳ್ಳಿದಳು. ಕಟ್, ಕಟ್, ಕಟ್. ಆಮೇಲೆ ಬಲಗಡೆಯದನ್ನು. ತಂದಾಗ ಹೇಗಿತ್ತೋ ಹಾಗಾಯಿತು. ಟೀಚರ್ ಲೋಟ ಹಿಡಿದು ಬಂದಾಗ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟಳು.

"ಎರಡು ಕಿವೀನೂ ಕೇಳ್ಸುತ್ತೆ ಟೀಚರ್," ಅಂದಳು. "ಹೊರಡೋ ಮುಂಚೆ ನೋಡ್ದೆ."